ಅತ್ತೆಯ ಕೋಣೆಗೆ ಬಂದ ಕುರ್ಚಿ

ಕುರ್ಚಿಯ ಮೇಲಿಟ್ಟಿದ್ದ ಬಿಲ್ವಪತ್ರೆ ಇನ್ನೂ ಬಾಡಿರಲಿಲ್ಲ. ಬಾಗೂರಿನ ಪಟೇಲ ಪರಮೇಶ್ವರಪ್ಪ ತನ್ನ ಮನೆಯ ಹೊಸ ಕಚೇರಿ ಕೋಣೆಯ ಬಾಗಿಲಲ್ಲಿ ತಲೆ ಬಾಗಿಸಿ ನಿಂತು ಅದನ್ನೇ ನೋಡುತ್ತಿದ್ದ. ತಲೆ ಬಾಗಿಸಿದ್ದು ಭಕ್ತಿಯಿಂದೇನಲ್ಲ. ಅಜ್ಜನ ಕಾಲದ ಬಾಗಿಲು, ಬಾಗದೆ ಬಂದವರ ಹಣೆಗೆ ಅದೇ ಬುದ್ಧಿ ಹೇಳಿ ಕಳಿಸುತ್ತಿತ್ತು. ಎಳೆ ಬಿಸಿಲು ಕಿಟಕಿಯಿಂದ ಇಳಿದು ಮೊದಲು ಮೇಜಿನ ಮೇಲೆ, ಆಮೇಲೆ ಕುರ್ಚಿಯ ಕೈಗಳ ಮೇಲೆ, ಆಮೇಲೆ ಅದರ ಬೆನ್ನಿಗೆ ಮೂರು ಬೆರಳಲ್ಲಿ ಬಳಿದ ವಿಭೂತಿಯ ಮೇಲೆ ಬಿದ್ದಿತ್ತು. ಇಂಥ ಕುರ್ಚಿ ಹೊಸದುರ್ಗದ ತಾಲ್ಲೂಕು ಕಚೇರಿಯಲ್ಲೂ ಇಲ್ಲವೆಂದು ಅವನಿಗೆ ಒಂದು ಗಳಿಗೆ ಹೆಮ್ಮೆಯಾಯಿತು. ಅದರ ಮೇಲೆ ತಾನು ಈ ಜನ್ಮದಲ್ಲಿ ಕೂರುವಂತಿಲ್ಲ ಎಂಬುದು ಮರುಗಳಿಗೆಗೇ ನೆನಪಾಯಿತು. ಊಟದ ಹೊತ್ತಿಗೆ ತಾಲ್ಲೂಕಿನ ಅಮಲ್ದಾರರು ತಪಾಸಣೆಗೆ ಬರುತ್ತಾರೆ. ಬಂದವರು ನೇರವಾಗಿ ಈ ಕೋಣೆಗೇ ಬರುತ್ತಾರೆ, ಈ ಕುರ್ಚಿಯ ಮೇಲೇ ಕೂರುತ್ತಾರೆ. ಕೂರಬೇಡಿ ಎನ್ನಲು ಅವನಿಗೆ ಬಾಯಿಲ್ಲ, ಕೂರಿ ಎನ್ನಲು ಧೈರ್ಯವಿಲ್ಲ.

ಎಲ್ಲ ಆದದ್ದು ಇರುವೆಯಿಂದ. ಇಪ್ಪತ್ತು ದಿನದ ಹಿಂದೆ ಊರಿನ ಜನನದ, ಮರಣದ ಪುಸ್ತಕಗಳನ್ನು ತೋರಿಸಲು ಅವನು ಹೊಸದುರ್ಗಕ್ಕೆ ಹೋಗಿದ್ದ. ಅಮಲ್ದಾರರ ಮೇಜಿನ ಮೇಲೆ ಗಂಟು ಬಿಚ್ಚಿದರೆ ಪುಸ್ತಕಗಳಿಗಿಂತ ಮೊದಲು ಇರುವೆ ಹೊರಬಂದವು. ಒಂದೆರಡಲ್ಲ, ಮೆರವಣಿಗೆ. ಹೊಸ ವರ್ಷದಲ್ಲಿ ಸತ್ತವರ ಪುಟದಿಂದ ಹೊರಟು, ಮಸಿಕುಡಿಕೆಯನ್ನು ಬಳಸಿ, ಮಹಾರಾಜರ ಸರ್ಕಾರದ ಮೊಹರಿನ ಮೇಲೆ ಹತ್ತಿ ಇಳಿದು, ಅಮಲ್ದಾರರ ಬಿಳಿ ಕೋಟಿನ ತೋಳಿನ ಕಡೆ ಸಾಗಿದವು. ದಾರಿಗೆ ಹಸಿವಾದೀತೆಂದು ಸಿದ್ದಕ್ಕ ಅದೇ ಗಂಟಿನಲ್ಲಿ ಒಂದು ಅಚ್ಚು ಬೆಲ್ಲ, ನಾಲ್ಕು ಹಿಡಿ ಪುರಿ ಇಟ್ಟಿದ್ದಳು. ಸಿದ್ದಕ್ಕ ಅವನ ಸೋದರತ್ತೆ. ತಾಯಿಯಿಲ್ಲದ ಅವನನ್ನು ಸಾಕಿದವಳು. ನಲವತ್ತೆರಡು ವರ್ಷದ ಪಟೇಲನಿಗೂ ದಾರಿಯಲ್ಲಿ ಹಸಿವಾಗುತ್ತದೆಂದು ನಂಬಿದವಳು. ಅಮಲ್ದಾರರು ಸಿಟ್ಟಾಗಲಿಲ್ಲ, ಅದೇ ಕಷ್ಟವಾದದ್ದು. ತೋಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು, ನಿಮ್ಮ ಮನೆಯಲ್ಲಿ ಕಾಗದಪತ್ರಕ್ಕೆ ಒಂದು ಕಚೇರಿ ಕೋಣೆ, ಒಂದು ಮೇಜು, ಒಂದು ಕುರ್ಚಿ ಇಲ್ಲವೇ ಎಂದು ಕೇಳಿದರು. ಗೋಡೆಯ ಪಕ್ಕ ಕೂತಿದ್ದ ಗುಮಾಸ್ತರು ಮೂವರೂ ಒಟ್ಟಿಗೆ ತಲೆ ಎತ್ತಿದರು. ಆಗ ಪರಮೇಶ್ವರಪ್ಪನ ಬಾಯಿಂದ, ಅವನನ್ನು ಕೇಳದೆ, 'ಐತೆ ಸ್ವಾಮಿ' ಎಂಬ ಮಾತು ಬಂತು. ಹಾಗಾದರೆ ಈ ಸಲ ನಿಮ್ಮೂರ ತಪಾಸಣೆ ಆ ಕಚೇರಿಯಲ್ಲೇ ಕೂತು ಮಾಡೋಣ ಎಂದು ಅಮಲ್ದಾರರು ತಾರೀಖು ಬರೆಸಿಬಿಟ್ಟರು. ಹೋದ ವರ್ಷ ಇಲ್ಲದ ಪುಸ್ತಕ ಇದೆಯೆಂದು ಸುಳ್ಳು ಹೇಳಿದ ಪಕ್ಕದೂರಿನ ಪಟೇಲನನ್ನು ಇದೇ ಅಮಲ್ದಾರರು ಪಟೇಲಿಕೆ ಕಿತ್ತುಕೊಂಡು ಮೂರು ತಿಂಗಳು ಮನೆಯಲ್ಲಿ ಕೂರಿಸಿದ್ದರು. ಆ ಮನುಷ್ಯ ಈಗಲೂ ಸಂತೆಯಲ್ಲಿ ಮುಖ ಮುಚ್ಚಿಕೊಂಡು ಓಡಾಡುತ್ತಾನೆ.

ಹಿಂದಿರುಗುವ ದಾರಿಯುದ್ದಕ್ಕೂ ಅವನು ಅತ್ತೆಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಹೇಳಿಕೊಂಡು ಬಂದ. ಒಂದೊಂದು ಹುಣಸೆ ಮರ ದಾಟುವಾಗಲೂ ಮಾತು ಇನ್ನಷ್ಟು ಹರಿತವಾಗುತ್ತಿತ್ತು. ಮನೆಗೆ ಬಂದರೆ ಅವಳು ಕಾಲಿಗೆ ನೀರು ತಂದಿಟ್ಟು, ಬೆಲ್ಲ ತಿಂದೆಯೇನಪ್ಪ ಎಂದು ಕೇಳಿದಳು. ತಿಂದೆ ಎಂದ. ಆ ದಿನದ ಎರಡನೆಯ ಸುಳ್ಳು. ಮಾರನೆಯ ಬೆಳಿಗ್ಗೆ ಮನೆಯೆಲ್ಲ ಅಳೆದು ನೋಡಿದ: ಅಡಿಗೆಮನೆ ಆಗುವುದಿಲ್ಲ, ದನದ ಅಂಕಣ ಆಗುವುದಿಲ್ಲ, ಪಡಸಾಲೆಗೆ ಬಾಗಿಲಿಲ್ಲ. ಉಳಿದದ್ದು ಮೂಡಲ ಕಡೆ ಕಿಟಕಿಯಿರುವ ಸಿದ್ದಕ್ಕನ ಕೋಣೆ. ಗಂಡ ತೀರಿಕೊಂಡು ತವರಿಗೆ ಬಂದಾಗಿನಿಂದ ಅವಳು ಆ ಕಿಟಕಿಯ ಬೆಳಕಿನಲ್ಲೇ ಲಿಂಗಪೂಜೆ ಮಾಡಿಕೊಂಡವಳು. ಮಗುವಾಗಿದ್ದಾಗ ಜ್ವರ ಬಂದರೆ ಅವನು ಮಲಗುತ್ತಿದ್ದದ್ದೂ ಅಲ್ಲೇ, ರಾಗಿಯ ಮಡಕೆಗಳ ನಡುವೆ, ಅವಳ ತೊಡೆಯ ಮೇಲೆ. ಇದನ್ನೆಲ್ಲ ನೆನೆಯಬಾರದೆಂದು ಅವನು ಬೇಗ ಬೇಗ ಮಾತಾಡಿದ. ಸರ್ಕಾರ, ಅಮಲ್ದಾರರು, ತಪಾಸಣೆ ಎಂದೆಲ್ಲ ಅಂದ. ಅವಳು ಪೂರ್ತಿ ಕೇಳಲೂ ಇಲ್ಲ. ಮಡಕೆಗಳನ್ನು ಒಂದೊಂದಾಗಿ ಸೊಂಟಕ್ಕೆ ಒತ್ತಿಕೊಂಡು ಹೊರಗೆ ಸಾಗಿಸಿ, ತನ್ನ ಕಂಬಳಿಯನ್ನು ಪಡಸಾಲೆಯ ಕಂಬದ ಬುಡಕ್ಕೆ ಹಾಸಿಕೊಂಡು, ಹತ್ತಿ ಬಿಡಿಸಲು ಕೂತಳು. ಒಂದು ಮಾತಾದರೂ ಬೈದಿದ್ದರೆ ಅವನಿಗೆ ಆ ದಿನ ಊಟ ಸೇರುತ್ತಿತ್ತು.

ಮೇಜು ಕುರ್ಚಿ ಮಾಡಲು ಹೊಸದುರ್ಗದಿಂದ ಬಡಗಿ ಬಡೇಸಾಬ ಬಂದ. ಗಾಡಿ, ನೇಗಿಲು, ಬಾಗಿಲುವಾಡ ಮಾಡುವುದರಲ್ಲಿ ಅವನ ಕೈ ಪಳಗಿತ್ತು. ಆದರೆ ಕುರ್ಚಿ ಬಲ್ಲವನು ತಾನೊಬ್ಬನೇ ಎಂದು ಅವನು ತಾಲ್ಲೂಕಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದದ್ದು ಹಿರಿಯೂರಿನ ಹತ್ತಿರ ಮಾರಿಕಣಿವೆಯ ಕಟ್ಟೆ ಕಟ್ಟುವಾಗ ಅಲ್ಲಿದ್ದ ಒಬ್ಬ ಬಿಳಿಯ ದೊರೆಗೆ ಕುರ್ಚಿ ಮಾಡಿಕೊಟ್ಟಿದ್ದರಿಂದ. ಹೊನ್ನೆಯ ಹಲಗೆಗಳನ್ನು ಕೋಣೆಯೊಳಕ್ಕೆ ಹಾಕಿಸಿಕೊಂಡು ಏಳು ದಿನ ಅಲ್ಲೇ ಕೊರೆದ, ಉಜ್ಜಿದ, ಬೆಣೆ ಹೊಡೆದ. ಮೇಜು ಎದ್ದು ನಿಂತ ಮೇಲೆ ಪರಮೇಶ್ವರಪ್ಪನ ಹೆಂಡತಿ ದಾಕ್ಷಾಯಣಮ್ಮ ಕಸ ಗುಡಿಸಲು ಬಂದವಳು ಬಾಗಿಲನ್ನೂ ಮೇಜನ್ನೂ ಎರಡೆರಡು ಸಲ ನೋಡಿ, ಇದು ಇನ್ನು ಹೊರಗೆ ಹೋಗುವುದು ಹೇಗೆ ಎಂದು ಕೇಳಿದಳು. ಬಡೇಸಾಬ ಗಡ್ಡ ಸವರಿಕೊಂಡ. ಹೊರಗೆ ಯಾಕೆ ಹೋಗಬೇಕು, ಕಚೇರಿ ಅಂದ ಮೇಲೆ ಕದಲಬಾರದು ಎಂದ. ಅದು ಪರಮೇಶ್ವರಪ್ಪನಿಗೂ ಸರಿಯೆನ್ನಿಸಿತು. ಕಂಬದ ಬುಡದಲ್ಲಿ ಕೂತಿದ್ದ ಸಿದ್ದಕ್ಕನ ಕೈ ಮಾತ್ರ ಹತ್ತಿಯಲ್ಲಿ ಒಂದು ಗಳಿಗೆ ನಿಂತದ್ದನ್ನು ಅವನು ಕಂಡ. ಕಂಡರೂ ಕಾಣದವನಂತೆ ಮೀಸೆ ತಿರುವಿಕೊಂಡ.

ಕುರ್ಚಿ ಮುಗಿದದ್ದು ಶನಿವಾರ. ಮನೆಯವರನ್ನೆಲ್ಲ ಹೊರಗೆ ಕಳಿಸಿ, ಕದ ಹಾಕಿಕೊಂಡು, ಅವನು ಮೊದಲ ಸಲ ಹತ್ತಿ ಕೂತ. ಹತ್ತಿ ಎಂಬುದೇ ಸರಿಯಾದ ಮಾತು. ಹಿಂದಕ್ಕೆ ಸರಿದು ಒರಗಿದರೆ ಎರಡು ಪಾದಗಳೂ ನೆಲ ಬಿಟ್ಟು ಮೇಲೆದ್ದವು, ಬೆರಳ ತುದಿ ಚಾಚಿದರೂ ನೆಲ ಸಿಗಲಿಲ್ಲ. ಬಾವಿಕಟ್ಟೆಯ ಮೇಲೆ ಕೂತ ಹುಡುಗನಂತೆ ಕಾಲು ಜೋತಾಡಿದವು. ಬಡೇಸಾಬನನ್ನು ಒಳಗೆ ಕರೆದು ಕೇಳಿದರೆ ಅವನು ಸ್ವಲ್ಪವೂ ನಾಚಲಿಲ್ಲ.

"ಗೌಡ್ರೆ, ನಂಗೆ ಬರಾದು ಒಂದೇ ಅಳತೆ, ಮಾರಿಕಣಿವೆ ದೊರೆ ಅಳತೆ," ಎಂದ. "ಆ ಮನುಷ್ಯ ಆರೂವರೆ ಅಡಿ ಇದ್ದ. ನೀವು ಗಿಡ್ಡ ಆದ್ರೆ ಕುರ್ಚಿ ಏನು ಮಾಡ್ತೈತೆ?"

ಕಾಲಿನದು ಹೋಗಲಿ, ಮೇಜಿನ ಕೆಳಗೆ ಯಾರು ಬಗ್ಗಿ ನೋಡುತ್ತಾರೆ ಎಂದು ಸಮಾಧಾನ ಮಾಡಿಕೊಂಡ. ಆದರೆ ಅಕ್ಷರ ಕೈಕೊಟ್ಟಿತು. ಹುಟ್ಟಿದಾಗಿನಿಂದ ಅವನು ನೆಲದ ಮೇಲೆ ಕೂತು, ಬಲಮೊಣಕಾಲೆತ್ತಿ, ಅದರ ಮೇಲೆ ಹಲಗೆಯಿಟ್ಟು, ಬರೆಯುವ ಪ್ರತಿ ಮಾತನ್ನೂ ಬಾಯಲ್ಲಿ ಗೊಣಗುತ್ತಾ ಬರೆದವನು. ಮೊಣಕಾಲು ಕಾಗದದ ಕೆಳಗಿಲ್ಲದಿದ್ದರೆ ಲೇಖನಿಗೆ ದಾರಿಯೇ ತಿಳಿಯದು ಎಂಬುದು ಈಗ ಗೊತ್ತಾಯಿತು. 'ಬಾಗೂರು' ಎಂದು ಬರೆದರೆ ಮೇಜಿನ ಮೇಲೆ ಅದು ಕುಡಿದವನ ಹಾಗೆ ಒಂದು ಕಡೆ ವಾಲಿತು. ಭಾನುವಾರ ಇಡೀ ಅಭ್ಯಾಸ ಮಾಡಿದ. ದಾಕ್ಷಾಯಣಮ್ಮ ಕದ ಸರಿಸಿ ಇಣುಕಿ, ಇಳಿಯಲು ಕೈ ಕೊಡಬೇಕೇನ್ರಿ ಎಂದು ಕೇಳಿದಳು. ಅದು ಕುಚೇಷ್ಟೆಯೋ ಕಾಳಜಿಯೋ ಅವಳ ಮುಖದಿಂದ ತಿಳಿಯಲಿಲ್ಲ. ನಿಜವಾಗಿ ಏನಾದರೂ ಬರೆಯಬೇಕಾದಾಗ ಆ ದಿನಗಳಲ್ಲೆಲ್ಲ ಅವನು ಕಳ್ಳನಂತೆ ಪಡಸಾಲೆಗೆ ಬಂದು, ಅತ್ತೆಯ ಕಂಬಳಿಯ ಅಂಚಿನಲ್ಲಿ ಕುಕ್ಕರಿಸಿ, ಅತ್ತೆ ಆ ಪುಸ್ತಕ ಎಲ್ಲಿ, ಈ ಪುಸ್ತಕ ಎಲ್ಲಿ ಎನ್ನುತ್ತಿದ್ದ. ಕೇಳಿದ್ದು ಕೈಗೆ ಬರುತ್ತಿತ್ತು. ಎಲ್ಲಿಂದ ಬರುತ್ತಿತ್ತೆಂದು ಅವನು ತಲೆಯೆತ್ತಿ ನೋಡಿರಲಿಲ್ಲ. ರೊಟ್ಟಿ ಎಲ್ಲಿಂದ ಬರುತ್ತದೆಂದು ನೋಡಿದವನೂ ಅಲ್ಲ. ಮೇಜಿನ ಮೇಲೆ ಮಸಿಕುಡಿಕೆ ಬಂತು, ಗೋಡೆಗೆ ಸುಣ್ಣ ಬಂತು, ಕದಕ್ಕೆ ಹೊಸ ಚಿಲಕ ಬಂತು. ಕಾಗದಪತ್ರಗಳನ್ನು ಒಳಗೆ ತಂದಿಡಬೇಕೆಂಬುದೊಂದು ಅವನಿಗೆ ಹೊಳೆಯಲೇ ಇಲ್ಲ.

ಭಾನುವಾರ ಸಂಜೆ ಸಿದ್ದಕ್ಕ ಒಂದು ಮಾತು ಕೇಳಿದಳು. ಹೊಸ ಮರ ಮನೆಗೆ ಬಂದಿದೆ, ಹೊಸ ಕೆಲಸ ಶುರುವಾಗುತ್ತದೆ, ಅಮಲ್ದಾರರ ಕಾಲು ಬೀಳುವ ಮೊದಲು ಮಠದಯ್ಯನವರ ಪಾದ ಕೋಣೆಯಲ್ಲಿ ಬೀಳಲಿ, ನಾಳೆ ಸೋಮವಾರ. ಕೋಣೆಯನ್ನೇ ಕೊಟ್ಟವಳು ಇಷ್ಟು ದಿನದಲ್ಲಿ ಕೇಳಿದ್ದು ಇದೊಂದೇ. ಇದಕ್ಕೂ ಇಲ್ಲವೆಂದರೆ ತಾನು ಮನುಷ್ಯನಲ್ಲ ಎಂದು ಪರಮೇಶ್ವರಪ್ಪನಿಗೆ ಅನ್ನಿಸಿತು, ಆಗಲಿ ಅತ್ತೆ ಎಂದ. ಎಂದಾಗ ಮನಸ್ಸು ಹಗುರಾಯಿತು. ಮಾರನೆಯ ದಿನ ಅಯ್ಯನವರು ಬಂದರು. ಬಾಗಿಲಲ್ಲಿ ಬಾಗಿದರು, ಒಳಗೆ ಬಂದು ನೆಟ್ಟಗಾದರು. ಎಂದಿನಂತೆ ನೆಲದ ಮೇಲೆ ಅವರಿಗೆ ಗದ್ದುಗೆ ಹಾಸಲು ದಾಕ್ಷಾಯಣಮ್ಮ ಮಡಿಸಿದ ಕಂಬಳಿ ತಂದಳು. ಸಿದ್ದಕ್ಕ ತಡೆದಳು. ಇಷ್ಟೆತ್ತರದ ಆಸನ ಕೋಣೆಯಲ್ಲಿ ಖಾಲಿ ನಿಂತಿರುವಾಗ ಅಯ್ಯನವರನ್ನು ಕೆಳಗೆ ಕೂರಿಸುವುದುಂಟೇ, ಅವರ ತಲೆಯ ಮೇಲೆ ಇನ್ನೊಂದು ಪೀಠ ಇರುವುದುಂಟೇ ಎಂದಳು. ಪರಮೇಶ್ವರಪ್ಪ ಬಾಯಿ ತೆರೆಯುವಷ್ಟರಲ್ಲಿ ಅಯ್ಯನವರು ದೊರೆಯ ಅಳತೆಯ ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು. ಅವರಿಗೆ ಅದು ಹೇಳಿ ಮಾಡಿಸಿದಂತಿತ್ತು. ಆಮೇಲೆ ಪಾದ ಕೆಳಗೆ ಬಿಟ್ಟರು. ತಟ್ಟೆಯನ್ನು ಒಂದು ಮಣೆಯ ಮೇಲಿಟ್ಟು ಸಿದ್ದಕ್ಕ ಪಾದಪೂಜೆ ಮಾಡಿದಳು. ಹತ್ತು ವರ್ಷದಿಂದ ಸೊಂಟ ಹಿಡಿದುಕೊಂಡು, ನೆಲಕ್ಕೆ ಬಗ್ಗಲಾರದೆ, ಪೂಜೆಯ ನಡುವೆ ಅಯ್ಯೋ ಶಿವನೇ ಎನ್ನುತ್ತಿದ್ದವಳು ನಿನ್ನೆ ಒಂದು ಸಲವೂ ನರಳಲಿಲ್ಲ. ಎಲ್ಲರೂ ಪಾದೋದಕ ತೆಗೆದುಕೊಂಡರು. ಅಯ್ಯನವರು ಎದ್ದು ಹೋದ ಮೇಲೆ ಅವಳು ಕುರ್ಚಿಯ ಬೆನ್ನಿಗೆ ವಿಭೂತಿ ಎಳೆದು, ಕೂರುವ ಕಡೆ ಬಿಲ್ವಪತ್ರೆಯಿಟ್ಟಳು. ಎಲ್ಲರ ಜೊತೆ ಪರಮೇಶ್ವರಪ್ಪನೂ ಆ ಕುರ್ಚಿಗೆ ಹಣೆ ಮುಟ್ಟಿಸಿದ. ಮುಟ್ಟಿಸಿ ತಲೆಯೆತ್ತುವಾಗಲೇ ಅವನಿಗೆ ಅರ್ಥವಾದದ್ದು: ಪಾದಪೂಜೆ ಕೊಂಡ ಆಸನ ಗದ್ದುಗೆ. ಗದ್ದುಗೆಯ ಮೇಲೆ ಭಕ್ತ ಕೂರುವುದಿಲ್ಲ.

ಈಗ ಬಿಸಿಲು ವಿಭೂತಿಯಿಂದ ಜಾರಿ ಬಿಲ್ವಪತ್ರೆಗೆ ಬಂದಿತ್ತು. ಸುತ್ತ ಯಾರೂ ಇರಲಿಲ್ಲ. ಒಂದು ಪತ್ರೆ, ಅಂಗೈಯಗಲದ ಪತ್ರೆ, ಅದನ್ನೆತ್ತಿ ಕಿಟಕಿಯಲ್ಲಿಟ್ಟು, ಪಂಚೆಯ ಸೆರಗಿನಿಂದ ವಿಭೂತಿ ಒರೆಸಿದರೆ ಮುಗಿಯಿತು. ಅಮಲ್ದಾರರು ಅದನ್ನೇನು ಬಲ್ಲರು. ಅವನ ಕೈ ಮುಂದೆ ಹೋಯಿತು, ಬೆರಳು ಪತ್ರೆಯ ತೊಟ್ಟಿಗೆ ತಾಗಿತು. ಆಗ ಹಿಂದೆ ಹೆಜ್ಜೆಯ ಸದ್ದಾಯಿತು. ಸಿದ್ದಕ್ಕ ತಟ್ಟೆಯಲ್ಲಿ ಕಣಗಿಲೆ ಹೂವು, ಧೂಪದ ಕೆಂಡ ಹಿಡಿದು ನಿಂತಿದ್ದಳು. ನೆಟ್ಟಗೆ ಮಾಡುತ್ತಿದ್ದೆ ಎಂದು ಅವನು ಪತ್ರೆಯನ್ನು ನೆಟ್ಟಗೆ ಮಾಡಿದ. ಅವಳು ಹೂಂ ಎಂದು, ಕುರ್ಚಿಗೆ ಹೂವಿಟ್ಟು, ಮೇಜಿಗೆ ಹೂವಿಟ್ಟು, ಮಸಿಕುಡಿಕೆಗೂ ಒಂದು ಹೂವಿಟ್ಟು, ಕೋಣೆಯ ತುಂಬ ಧೂಪ ಹಾಕಿದಳು. ಅವಳ ಬೆನ್ನು ನೋಡುತ್ತ ನಿಂತ ಅವನಿಗೆ ಸಿಟ್ಟು ಬರಬೇಕಾಗಿತ್ತು. ನಾಚಿಕೆ ಬಂತು.

ಅಮಲ್ದಾರರ ಕಮಾನುಗಾಡಿ ಹೇಳಿದ್ದಕ್ಕಿಂತ ಬೇಗ ಬಂತು. ದಾರಿಯ ಕುಲುಕಾಟದಲ್ಲಿ ಬೆನ್ನು ನೊಂದಿದ್ದ ಅವರು ಇಳಿದವರೇ, ಬೇರೆ ಮಾತಿಲ್ಲದೆ, ನಿಮ್ಮ ಕೋಣೆ ತೋರಿಸಿ ಎಂದರು. ಪರಮೇಶ್ವರಪ್ಪನ ಕಾಲು ತಾವಾಗಿ ನಡೆದವು. ಬಾಗಿಲಲ್ಲಿ ಅಮಲ್ದಾರರು ಪೇಟ ಹಿಡಿದುಕೊಂಡು ಬಾಗಿದರು, ಒಳಗೆ ಕಣ್ಣು ಹಾಯಿಸಿದರು, ಹಾಗೆಯೇ ನಿಂತುಬಿಟ್ಟರು. ಧೂಪದ ಹೊಗೆ ಇನ್ನೂ ತೇಲುತ್ತಿತ್ತು. ಅವರು ಒಂದು ಹೆಜ್ಜೆ ಹಿಂದಿಟ್ಟರು. ಗಾಡಿಯ ಜೊತೆ ಬಂದಿದ್ದ ಜವಾನ ಓಡಿಬಂದು ಅವರ ಬೂಟು ಬಿಚ್ಚಿದ. ಬರಿಗಾಲಿನಲ್ಲಿ ಹೊಸ್ತಿಲ ಬಳಿ ನಿಂತು, ಕಣ್ಣು ಮುಚ್ಚಿ, ಕುರ್ಚಿಗೆ ಕೈಮುಗಿದರು.

"ಪೂಜೆ ಕೋಣೆ ಬಹಳ ಶುಚಿಯಾಗಿಟ್ಟಿದ್ದೀರಿ ಪಟೇಲರೆ, ಸಂತೋಷ," ಎಂದರು. "ಇನ್ನು ಕಚೇರಿ ಕೋಣೆ ತೋರಿಸಿ, ಹೊತ್ತಾಗುತ್ತೆ."

ಪರಮೇಶ್ವರಪ್ಪ ಕೋಣೆಯ ಕಡೆ ನೋಡಿದ. ಇದೇ ಕಚೇರಿ ಎನ್ನಬಹುದು. ಎಂದರೆ ಅವರು ಕುರ್ಚಿಯ ಕಡೆ ನಡೆಯುತ್ತಾರೆ, ಅತ್ತೆ ಕಂಬ ಹಿಡಿದು ನೋಡುತ್ತಾಳೆ. ಕಚೇರಿ ಮೇಲಿನ ಕೇರಿಯಲ್ಲಿದೆ ಎನ್ನಬಹುದು. ಎಂದರೆ ಅಲ್ಲಿಗೂ ನಡೆಯುತ್ತಾರೆ. ಮೂರನೆಯ ಸುಳ್ಳಿಗೆ ಬಾಯಿ ತೆರೆದ. ನಾಲಿಗೆಯ ಮೇಲೆ, ಯಾಕೋ, ಇಪ್ಪತ್ತು ದಿನದ ಹಿಂದೆ ಹಳ್ಳದ ದಂಡೆಯಲ್ಲಿ ಇರುವೆ ಸಮೇತ ಎಸೆದು ಬಂದ ಬೆಲ್ಲದ ರುಚಿ ಬಂತು.

"ಬ್ಯಾರೆ ಕೋಣೆ ಇಲ್ಲ ಸ್ವಾಮಿ," ಎಂದ. "ಇದೂ ನಂದಲ್ಲ, ನಮ್ಮತ್ತೇದು. ಅವತ್ತು ಎಲ್ರ ಮುಂದೆ ನಾಚಿಕೆಯಾಗಿ ಐತೆ ಅಂದ್ಬಿಟ್ಟೆ."

ಜವಾನ ಕೆಮ್ಮಿದ. ಅಮಲ್ದಾರರ ಹುಬ್ಬು ಹತ್ತಿರವಾದವು. ಪಕ್ಕದೂರಿನ ಪಟೇಲನ ಮುಚ್ಚಿದ ಮುಖ ಪರಮೇಶ್ವರಪ್ಪನ ಕಣ್ಣಮುಂದೆ ಬಂತು. ಅದರ ಪಕ್ಕದಲ್ಲಿ ತನ್ನದಕ್ಕೂ ಅವನು ಜಾಗ ಮಾಡಿದ. ಆಗ ಸಿದ್ದಕ್ಕ ಕಂಬ ಬಿಟ್ಟು ಮುಂದೆ ಬಂದಳು. ಅಮಲ್ದಾರರನ್ನು ನೆಂಟರಂತೆ ನೋಡಿದಳು.

"ಕಚೇರಿ ಐತೆ, ಬರ್ರಿ. ಇವನಿಗೆ ತೋರ್ಸಾಕೆ ಬರಲ್ಲ. ಇಲ್ಲಿ ಕುಂತ್ಕಳ್ರಿ," ಎಂದು ತನ್ನ ಕಂಬಳಿಯನ್ನು ಕೊಡವಿ ಹಾಸಿದಳು.

ಬೂಟು ಹಾಕಿದ್ದರೆ ಅವರು ಕೂರುತ್ತಿರಲಿಲ್ಲವೇನೋ. ಬೂಟು ಹೊರಗಿತ್ತು, ಬೆನ್ನು ನೋಯುತ್ತಿತ್ತು, ಕಂಬ ಹಿಂದೆಯೇ ಇತ್ತು. ಕೂತರು. ಕಂಬಕ್ಕೆ ಒರಗಿ, ಕಾಲು ಚಾಚಿ, ಯಾರಿಗೂ ಕೇಳದಂತೆ ಒಂದು ಉಸಿರು ಬಿಟ್ಟರು. ಆಮೇಲೆ ಅಧಿಕಾರಿಯ ದನಿ ತಂದುಕೊಂಡು ಮರಣದ ಪುಸ್ತಕ ಎಲ್ಲಿ ಎಂದರು. ಸಿದ್ದಕ್ಕ ತಲೆಯ ಮೇಲೆ ತೂಗುತ್ತಿದ್ದ ನೆಲುವಿಗೆ ಕೈಹಾಕಿದಳು. ಬೆಣ್ಣೆಯ ಗಡಿಗೆ ಇರಬೇಕಾದ ಆ ಹಗ್ಗದ ಬುಟ್ಟಿಯಲ್ಲಿ ಮೂರು ಗಂಟುಗಳಿದ್ದವು: ಒಂದು ಹಳದಿ, ಒಂದು ಬಿಳಿ, ಒಂದು ಕೆಂಪು. ಪರಮೇಶ್ವರಪ್ಪ ಅವನ್ನು ದಿನವೂ ಕಂಡು ಬಿತ್ತನೆಯ ಬೀಜವೆಂದುಕೊಂಡಿದ್ದ. ಬಿಳಿಯ ಗಂಟು ಕೆಳಗಿಳಿಯಿತು, ಒಣಗಿದ ಬೇವಿನ ಸೊಪ್ಪು ಉದುರಿತು, ಒಳಗಿನಿಂದ ಪುಸ್ತಕ ಮಾತ್ರ ಬಂತು. ಅಮಲ್ದಾರರು ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಕೊಡವಿದರು. ಒಂದು ಇರುವೆಯೂ ಬೀಳಲಿಲ್ಲ. ಮನಸ್ಸಿಗೆ ಬಂದಂತೆ ಜನನ ಎಂದರು, ಹಳದಿ ಬಂತು. ಹೋದ ಸುಗ್ಗಿಯಲ್ಲಿ ಬದುವಿನ ಜಗಳದ ಹೇಳಿಕೆ ಎಂದರು, ಕೆಂಪು ಬಂತು. ಓದು ಬರುತ್ತದೆಯೇ ಅಜ್ಜಿ ಎಂದು ಕೇಳಿದರು.

"ನಂಗೆಲ್ಲಿ ಓದು ಸ್ವಾಮಿ. ಇವ್ನು ಬರೆಯಾವಾಗ ಬಾಯಾಗೆ ಹೇಳ್ಕಂತ ಬರೀತಾನೆ, ನಾನು ಕೇಳ್ಕಂತ ಕುಂತಿರ್ತೀನಿ. ಹುಟ್ಟಿದ್ದು ಹಳದಿ ಬಟ್ಟೆಗೆ, ಸತ್ತಿದ್ದು ಬಿಳೀದಕ್ಕೆ, ಬಡಿದಾಡಿದ್ದು ಕೆಂಪಿಗೆ. ಬೆಲ್ಲ ಮಾತ್ರ ಬ್ಯಾರೆ ಇಟ್ಟೀನಿ."

ಕೊನೆಯ ಮಾತು ಹೇಳುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ. ಇರುವೆಯ ಸುದ್ದಿ ಅವಳಿಗೆ ಯಾರು ಹೇಳಿದರು? ಅವನಂತೂ ಹೇಳಿರಲಿಲ್ಲ. ಆ ಗುಮಾಸ್ತರು ಸಂತೆಯಲ್ಲಿ ಆಡಿಕೊಂಡಿರಬೇಕು, ಊರಿನ ಯಾರೋ ಹೊತ್ತು ತಂದಿರಬೇಕು. ಅವಳು ಕೋಣೆ ಬಿಟ್ಟುಕೊಟ್ಟದ್ದು ಅದು ತಿಳಿದ ಮೇಲೆಯೋ ಮೊದಲೋ ಎಂದು ಎಣಿಸಲು ಹೋಗಿ ಪರಮೇಶ್ವರಪ್ಪನ ಕಣ್ಣು ಮಂಜಾಯಿತು. ಅವನು ಗೋಡೆಯ ಕಡೆ ತಿರುಗಿ, ಧೂಪದ ಹೊಗೆ ಎಂದ. ಅಮಲ್ದಾರರು ತಪಾಸಣೆಯ ಪುಸ್ತಕ ತರಿಸಿಕೊಂಡು, ಮೇಜಿಗಾಗಿ ಸುತ್ತ ನೋಡಿ, ಕೊನೆಗೆ ತಮ್ಮ ಬಲಮೊಣಕಾಲನ್ನೇ ಎತ್ತಿದರು. ಕಾಗದಪತ್ರ ಕ್ರಮವಾಗಿವೆ ಎಂದು ಅದರ ಮೇಲಿಟ್ಟು ಬರೆದರು. ಬರೆಯುವಾಗ ಅವರ ತುಟಿಯೂ ಅಲ್ಲಾಡುತ್ತಿತ್ತು. ಹಾಲು ಕುಡಿದು, ಬೂಟು ಹಾಕಿಸಿಕೊಂಡು, ಗಾಡಿ ಹತ್ತುವ ಮುಂಚೆ ಪರಮೇಶ್ವರಪ್ಪನನ್ನು ಹತ್ತಿರ ಕರೆದು, ಸುಳ್ಳಿನ ಮಾತು ಎತ್ತದೆ, ಮುಂದಿನ ಸಲ ಬುತ್ತಿಯ ಗಂಟು ಒಂದು ಕೈಯಲ್ಲಿ, ಪುಸ್ತಕದ ಗಂಟು ಇನ್ನೊಂದು ಕೈಯಲ್ಲಿರಲಿ ಎಂದರು.

ಗಾಡಿಯ ಧೂಳು ಅಡಗಿದ ಮೇಲೆ ಅವನು ಒಳಗೆ ಬಂದ. ಸಿದ್ದಕ್ಕ ಮೂರು ಗಂಟುಗಳನ್ನು ನೆಲುವಿಗೆ ಸೇರಿಸಿ ಮತ್ತೆ ಹತ್ತಿ ಹಿಡಿದಿದ್ದಳು. ಕೋಣೆಗೆ ಹೋಗು ಅತ್ತೆ, ನಿನ್ನ ಮಡಕೆಗಳನ್ನು ನಾನೇ ಹೊತ್ತು ಇಡುತ್ತೇನೆ ಎಂದ. ಅವಳು ನಕ್ಕಳು. ಅಯ್ಯನವರ ಗದ್ದುಗೆಯ ಪಕ್ಕ ರಾಗಿ ಮಡಕೆ ಇಡಲಾದೀತೇ, ಅಲ್ಲಿ ಕಾಲು ಚಾಚಿ ಮಲಗಲಾದೀತೇ, ಆ ಮೇಜಾದರೂ ಬಾಗಿಲಲ್ಲಿ ಹಿಡಿದೀತೇ ಎಂದು ಕೇಳಿದಳು. ಹಾಗಾದರೆ ಆ ಕೋಣೆ ಅವನಿಗೂ ಇಲ್ಲ, ಅವಳಿಗೂ ಇಲ್ಲ. ಬೇಕೆಂದೇ ಅಯ್ಯನವರನ್ನು ಕುರ್ಚಿಯ ಮೇಲೆ ಕೂರಿಸಿದೆಯಾ ಎಂಬ ಮಾತು ಬಾಯಿಯವರೆಗೆ ಬಂತು, ಕೇಳಿಯೂಬಿಟ್ಟ. ಅವಳು ಹತ್ತಿಯಿಂದ ಬೀಜ ಬಿಡಿಸುತ್ತಾ, ಸೊಂಟ ನೋಯುತ್ತಿತ್ತು ಕಣಪ್ಪ ಎಂದಳು. ಅಷ್ಟೇ ಹೇಳಿ ಕಂಬಳಿಯ ಅಂಚಿನಲ್ಲಿ ಅವನಿಗೆ ಜಾಗ ಬಿಟ್ಟಳು.

ಹಿಂದಿನ ವಾರ ಕೆಳಗಿನ ಕೇರಿಯಲ್ಲಿ ಒಬ್ಬ ಮುದುಕ ತೀರಿಕೊಂಡದ್ದನ್ನು ಬರೆಯುವುದು ಉಳಿದಿತ್ತು. ಅವನು ಕೂತು, ಮೊಣಕಾಲೆತ್ತಿ, ಪುಸ್ತಕವಿಟ್ಟು, ಗೊಣಗಲು ಶುರುಮಾಡಿದ. ಅಕ್ಷರಗಳು ನೆಟ್ಟಗೆ, ಒಂದರ ಹಿಂದೊಂದು ಬಂದವು. ಪಕ್ಕದಲ್ಲಿ ಅವಳು ಕಿವಿಗೊಟ್ಟು ಕೇಳಿದಳು. ಊರು, ಹೆಸರು, ವಯಸ್ಸು, ಕಾರಣ. ಮುಗಿದ ಮೇಲೆ ಬಿಳಿ ಬಟ್ಟೆಯನ್ನು ಅವನ ಕಡೆ ಸರಿಸಿದಳು.

"ಗಂಟು ಹಾಕಾದು ನೀನೂ ಕಲ್ತ್ಕ," ಎಂದಳು. "ನಂದು ಬರೆಯಾವಾಗ ಎತ್ತಿ ಕೊಡಾಕೆ ನಾನಿರಲ್ಲ. ಬಿಳೀದು, ನೆನಪಿಟ್ಕ. ಅವತ್ತೂ ಇಲ್ಲೇ ಕುಂತು ಬರಿ ಪರಮೇಶಿ, ಕುರ್ಚಿ ಮ್ಯಾಲೆ ಹತ್ತಿ ನನ್ನ ಹೆಸರು ಸೊಟ್ಟ ಮಾಡಬ್ಯಾಡ."

ಅವನು ಹೂಂ ಅಂದ. ಬಟ್ಟೆಯ ನಾಲ್ಕು ತುದಿ ಸೇರಿಸಿ ಗಂಟು ಹಾಕಿದ. ಸಡಿಲವಾಯಿತು. ಅವಳು ಬಿಚ್ಚಿ ಅವನ ಕೈಗೇ ಮತ್ತೆ ಕೊಟ್ಟಳು.